ಗಡಿಕೋಟೆಯೂ ಲಾವಣಿದಾರನ ಕರ್ತವ್ಯವೂ: ಒಂದು ಘನ ಸಂಶೋಧನೆ

ಹಾವೇರಿ ಸೀಮೆಯ ಒಕ್ಕಲು ಮಧ್ಯಯುಗದಲ್ಲಿ ಹಿಡಿದ ಕೋಟೆ ಕಟ್ಟುವ ಕೆಲಸವನ್ನು ಇಂದಿಗೂ ಬಿಟ್ಟಿಲ್ಲ ಎಂಬ ನಮ್ಮ ಸಿದ್ಧಾಂತವನ್ನು ಯಾವ ಪಂಡಿತರೂ ಖಂಡಿಸಿಲ್ಲ. ಯಾರೂ ಓದಿಲ್ಲ ಎಂಬುದು ಬೇರೆ ಮಾತು.

ಮೊದಲು ಪೂರ್ವಪಕ್ಷ. ಹಾನಗಲ್ಲಿನ ಕದಂಬರು, ಗುತ್ತಲದ ಗುತ್ತರು, ಹೊಯ್ಸಳರು, ವಿಜಯನಗರದವರು, ಸವಣೂರ ನವಾಬರು, ಪೇಶ್ವೆಗಳು ಹೀಗೆ ಒಡೆಯರು ಬಂದರು, ಹೋದರು. ಮಣ್ಣು ಹೊತ್ತವನು ಇಲ್ಲೇ ಉಳಿದ. ಕೂಲಿಯಿಲ್ಲದ ದುಡಿಮೆಗೆ ಬಿಟ್ಟಿ ಎಂಬ ಹೆಸರಿತ್ತು. ತುರುಗಳ್ಳರೊಡನೆ ಕಾದಿ ಸತ್ತವನಿಗೆ ವೀರಗಲ್ಲು, ಅವನ ಮನೆಯವರಿಗೆ ನೆತ್ತರುಗೊಡಗಿಯ ಹೊಲ. ಬದುಕಿ ಬಂದವನಿಗೆ ಮತ್ತೆ ಬುಟ್ಟಿ, ಗುದ್ದಲಿ. ಆಮೇಲೆ ಶೇತಸನದಿಗಳು: ಸನದಿನ ಹೊಲ ಉಳಬೇಕು, ಕರೆದಾಗ ಕಾವಲಿಗೆ ಓಡಬೇಕು. ಇಷ್ಟೆಲ್ಲ ಆಗಿಯೂ 1800ರಲ್ಲಿ ದಂಗೆಕೋರ ಧೋಂಡಿಯಾ ವಾಘನ ಬೆನ್ನುಹತ್ತಿ ಬಂದ ಬ್ರಿಟಿಷ್ ಸೇನಾನಿ ವೆಲ್ಲೆಸ್ಲಿ ರಾಣೇಬೆನ್ನೂರ ಕೋಟೆಯನ್ನು ಹಿಡಿದೇಬಿಟ್ಟ. ಅದೇ ಮನುಷ್ಯ 1815ರಲ್ಲಿ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ್ದು ರಾಣೇಬೆನ್ನೂರಿನ ತಾಲೀಮಿನಿಂದ ಎಂಬುದರಲ್ಲಿ ನಮಗಂತೂ ಸಂಶಯವಿಲ್ಲ.

ಇನ್ನು ಸಿದ್ಧಾಂತ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಶೇತಸನದಿಯನ್ನು ಮುಗಿಸಿತು. 1974ರ ಭೂಸುಧಾರಣೆ ಉಳುವವನನ್ನು ಹೊಲದೊಡೆಯನನ್ನಾಗಿಸಿತು. ಅದೇ 1974ರಲ್ಲಿ ರಾಣೇಬೆನ್ನೂರಿನ ಬಳಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾಯಿತು. ಒಂದು ಕೈಯಲ್ಲಿ ಹೊಲ ಕೊಟ್ಟ ಸರ್ಕಾರ ಇನ್ನೊಂದು ಕೈಯಲ್ಲಿ ಶತ್ರುಸೈನ್ಯವನ್ನೂ ದಯಪಾಲಿಸಿತು. ಗೋವಿನಜೋಳ ಗೇಣುದ್ದ ಎದ್ದಿತೋ ಇಲ್ಲವೋ, ಲಗ್ಗೆ!

ಬ್ಯಾಡಗಿ ಕಡೆಯ ಒಂದು ಕೋಟೆಯನ್ನು ಖುದ್ದಾಗಿ ಪರಿಶೀಲಿಸಲಾಯಿತು. ಹೊರಸುತ್ತು ಜಾಲಿಕಂಟಿ. ಒಳಸುತ್ತು ಗೂಟದಿಂದ ಗೂಟಕ್ಕೆ ಬಿಗಿದ ಹಳೇ ಸೀರೆ: ನೀಲಿ, ಗುಲಾಬಿ, ಜರಿ ಉದುರಿದ ಹಸಿರು. ಮೂಲೆಯಲ್ಲಿ ಬುರುಜಿನ ಬದಲು ಅಟ್ಟಣಿಗೆ. ಶಸ್ತ್ರಾಗಾರದಲ್ಲಿ ಒಂದು ಬ್ಯಾಟರಿ, ಒಂದು ಕವಣೆ, ಬಡಿಯಲು ಎಣ್ಣೆಡಬ್ಬಿ. ಕೋಟೆಯ ವೆಚ್ಚ ಭರಿಸುವವರಾರು ಎಂದು ಶಾಸ್ತ್ರೋಕ್ತವಾಗಿ ಕೇಳಿದೆವು.

“ನಾವ ರೀ, ಮತ್ತ್ಯಾರು? ಹೊಲದ ಮಾಲಕರು ಹುಬ್ಬಳ್ಳ್ಯಾಗ ಅದಾರ. ನಾವು ಲಾವಣಿ ಹಾಕ್ಕೊಂಡೇವಿ. ಸೀರಿ ನಮ್ಮ ಮನಿಯಾಕೀವು.”

ಇಲ್ಲಿ ಸಂಶೋಧನೆಗೆ ಒಂದು ತೊಡಕು ಬಂತು. ಭೂಸುಧಾರಣೆಯಾದ ಮೇಲೆ ಕಾಗದದಲ್ಲಿ ಲಾವಣಿ, ಅಂದರೆ ಗೇಣಿ, ಎಂಬುದೇ ಇಲ್ಲ. ಆದಕಾರಣ ಅಟ್ಟಣಿಗೆಯ ಮೇಲೆ ಕೂತು ನಮ್ಮೊಡನೆ ಮಾತಾಡಿದವರೂ ಇಲ್ಲ. ಜಿಂಕೆಗಳಿಗೆ ಈ ಕಾಯ್ದೆ ತಿಳಿದಂತಿಲ್ಲ. ಬೆಳೆಹಾನಿ ಪರಿಹಾರದ ಅರ್ಜಿಗೆ ಹೊಲದ ಉತಾರ (ಪಹಣಿ) ಲಗತ್ತಿಸಬೇಕು, ಉತಾರದಲ್ಲಿರುವುದು ಹುಬ್ಬಳ್ಳಿಯವರ ಹೆಸರು.