ಕಮಾನು ಮೀಮಾಂಸೆ ಅಥವಾ ಲಾರಿ ಬ್ಲೇಡಿನ ಷಟ್ಪ್ರಮಾಣ ವಿಚಾರ

ಲಾರಿಯ ಚಾಸಿಯನ್ನು ಆಕ್ಸಲ್ ಮೇಲೆ ಹೊತ್ತು ನಿಂತ ಉಕ್ಕಿನ ಪಟ್ಟಿಗಳ ಕಂತೆಗೆ ಫಾರಸಿಯಿಂದ ಬಿಲ್ಲಿನ ಹೆಸರು ಬಂತು: ಕಮಾನು. ಗ್ಯಾರೇಜಿನಲ್ಲಿ ಅದೇ ಬ್ಲೇಡು. ಕಂಪನಿಯಿಂದ ಬಂದದ್ದು ‘ಕಟ್’ ಆದಮೇಲೆ ಹೊರಗಿನ ಅಂಗಡಿಯಲ್ಲಿ ಸಿಗುವವುಗಳಲ್ಲಿ ಯಾವುದು ಉತ್ತಮ, ಯಾವುದು ಅಧಮ ಎಂಬುದಕ್ಕೆ ಆಚಾರ್ಯತ್ರಯರು ಭಾಷ್ಯ ಬರೆಯದೆ ಹೋದದ್ದರಿಂದ ಆ ಹೊಣೆ ಈ ಲೇಖಕನ ಹೆಗಲಿಗೆ ಬಿದ್ದಿದೆ.

ಮೊದಲು ಪ್ರಾಚೀನತೆ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಏಕಚಕ್ರಪುರವೆಂದು ಸ್ಥಳಪುರಾಣ. ಬಕಾಸುರನಿಗೆಂದು ಭೀಮ ಬಂಡಿಗಟ್ಟಲೆ ಅನ್ನ ಹೊಡೆದುಕೊಂಡು ಹೊರಟದ್ದು ಇಲ್ಲಿಂದ. ಹಾಗಾಗಿ ಓವರ್‌ಲೋಡಿನ ಆದಿಮ ದಾಖಲೆ ನಮ್ಮ ಜಿಲ್ಲೆಯದೇ. ಊರಿನ ಹೆಸರಲ್ಲಿ ಒಂದೇ ಚಕ್ರ ಉಳಿದಿರುವುದನ್ನು ವಿದ್ವಾಂಸರು ಬ್ಲೇಡಿನ ದೃಷ್ಟಿಯಿಂದ ನೋಡಬೇಕಿತ್ತು. ತಲುಪಿಸುವ ಮೊದಲೇ ಸರಕನ್ನು ತಾನೇ ತಿಂದು ಭಾರ ಇಳಿಸಿದ ಭೀಮನ ಉಪಾಯ ಟೊಮೆಟೊ ಡ್ರೈವರಿಗೆ ಕಷ್ಟಸಾಧ್ಯ, ಜಲ್ಲಿ ಡ್ರೈವರಿಗೆ ಅಸಾಧ್ಯ.

ಇನ್ನು ಪ್ರಮಾಣಗಳು. ಪ್ರತ್ಯಕ್ಷವೆಂದರೆ ಕಣ್ಣಿಗೆ ಕಂಡದ್ದು. ಕಾಣುವುದು ಕಪ್ಪು ಪೇಂಟು ಮಾತ್ರ. ಅದರ ಕೆಳಗಿರುವುದು ಸಿಲಿಕಾನೋ ಕ್ರೋಮಿಯಮ್ಮೋ ಬೆರೆತ ಸ್ಪ್ರಿಂಗ್ ಉಕ್ಕೇ, ಎಳೆತ ಬೀಳುವ ಮೈಗೆ ಸಣ್ಣ ಉಕ್ಕಿನ ಗುಂಡುಗಳನ್ನು ಬಡಿದು ಬಾಳಿಕೆ ಹೆಚ್ಚಿಸಿದ್ದಾರೆಯೇ ಎಂಬುದು ಬ್ರಹ್ಮರಹಸ್ಯ. ಅನುಮಾನವೆಂದರೆ ಸಂಸ್ಕೃತದಲ್ಲಿ ತರ್ಕ, ಕನ್ನಡದಲ್ಲಿ ಸಂಶಯ. ಬಿಡಿಭಾಗದ ಅಂಗಡಿಯಲ್ಲಿ ಎರಡೂ ಒಂದೇ. “ಒರಿಜಿನಲ್ ಥರಾನೇ ಸಾರ್” ಎಂಬುದು ಉಪಮಾನ. ಅರ್ಥಾಪತ್ತಿಯೆಂದರೆ ಅರ್ಥಕ್ಕೆ ಬಂದ ಆಪತ್ತೆಂದು ಲಾರಿ ಮಾಲೀಕರ ವ್ಯುತ್ಪತ್ತಿ. ಅನುಪಲಬ್ಧಿಯನ್ನು ಕೌಂಟರಿನಲ್ಲಿ “ಸ್ಟಾಕಿಲ್ಲ” ಎನ್ನುತ್ತಾರೆ.

ಉಳಿದದ್ದು ಶಬ್ದ. ಮೇಸ್ತ್ರಿ ಪಟ್ಟಿಯ ತುದಿ ಎತ್ತಿ ಹಿಡಿದು ಸುತ್ತಿಗೆಯಿಂದ ತಟ್ಟುತ್ತಾನೆ. ಟಣ್ಣೆಂದು ದನಿ ನಿಂತರೆ ಸಾಧು. ಒಡಕು ಮಡಕೆಯಂತೆ ಸದ್ದಾದರೆ ಒಳಗೆ ಬಿರುಕು. ಅಂಗಡಿಯವನ ಶಬ್ದಕ್ಕಿಂತ ಇದು ಮೇಲು, ಸುತ್ತಿಗೆಗೆ ಕಮಿಷನ್ ಇಲ್ಲವಲ್ಲ. ಆದರೆ ಅದು ಬಿರುಕು ಹೇಳೀತೇ ಹೊರತು ಉಕ್ಕಿನ ಕುಲಗೋತ್ರ ಹೇಳದು.

ಊರೂರಿನ ಸಾಕ್ಷ್ಯವನ್ನು ಹೋಲಿಸೋಣವೆಂದರೆ ಅದೂ ತೊಡಕು. ಶಿಡ್ಲಘಟ್ಟದ ಗಾಡಿ ರೇಷ್ಮೆಗೂಡು ಹೊರುತ್ತದೆ. ಅಷ್ಟು ಹಗುರದ ಹೊರೆಯಡಿ ಕಳಪೆ ಬ್ಲೇಡೂ ಮುಪ್ಪಿನಿಂದಲೇ ಸಾಯುವುದರಿಂದ ಅಲ್ಲಿಯ ಪ್ರಶಂಸೆ ಲೆಕ್ಕಕ್ಕಿಲ್ಲ. ಚಿಂತಾಮಣಿಯಲ್ಲಿ ಟೊಮೆಟೊ ಕೊಳೆಯುವ ಮೊದಲು ಮುಟ್ಟಬೇಕು. ಅಲ್ಲಿ ಬ್ಲೇಡು ಮುರಿದರೆ ಬೈಗುಳ ತೆಲುಗಿನಲ್ಲಿ, ಬಿಲ್ಲು ಕನ್ನಡದಲ್ಲಿ. ಚಿಕ್ಕಬಳ್ಳಾಪುರದ ಕ್ರಷರ್ ಟಿಪ್ಪರುಗಳದು ಬೇರೆಯೇ ಮತ. ಮೂರು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿಯನ್ನು ಕೇಂದ್ರ ಸರ್ಕಾರ 25 ಟನ್ನಿನಿಂದ 28.5 ಟನ್ನಿಗೆ ಏರಿಸಿದ್ದು 2018ರಲ್ಲಿ. ಸೆಟ್ಟಿಗೆ ಇನ್ನೊಂದು ಪಟ್ಟಿ ತುರುಕಿ ಮಿತಿಯನ್ನು ತಾವೇ ಏರಿಸಿಕೊಳ್ಳುವ ಪದ್ಧತಿ ಅದಕ್ಕಿಂತ ಹಳೆಯದು.

ಗೌರಿಬಿದನೂರಿನ ಬಳಿ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳು 1960ರ ದಶಕದಿಂದಲೂ ದೂರದೇಶದ ಭೂಗತ ಅಣುಸ್ಫೋಟಗಳಿಗೆ ಕಿವಿಗೊಟ್ಟು ಕೂತಿವೆ. ರಸ್ತೆಯ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರವಿರಲಿ ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ವಿಧಿಸಿದೆ. ನಮ್ಮ ಊರುಗಳವರು ಎತ್ತರವನ್ನು ಉದಾರವಾಗಿ ಪಾಲಿಸಿ ಅಗಲವನ್ನು ಮನ್ನಾ ಮಾಡಿದ್ದಾರೆ. ಮೆಕ್ಕೆಜೋಳ ತುಂಬಿದ ಲಾರಿ ಅಂಥದೊಂದನ್ನು ಹಾರಿ ಬಿದ್ದ ಕ್ಷಣ ಯಾವ ದೇಶದ ಸ್ಫೋಟವೆಂದು ದಾಖಲಾಗುತ್ತದೋ ಎಂಬ ಚಿಂತೆ ಈ ಲೇಖಕನನ್ನು ಬಹುಕಾಲದಿಂದ ಕಾಡಿದೆ.

ಒಂದು ಅಪವಾದ. ಪಟ್ಟಿ ನಡುಮಧ್ಯೆ, ಸೆಂಟರ್ ಬೋಲ್ಟಿನ ತೂತಿನ ಹತ್ತಿರ ಮುರಿದಿದ್ದರೆ ಹೆಚ್ಚಾಗಿ ತಪ್ಪು ಸಡಿಲವಾದ ಯು-ಬೋಲ್ಟಿನದು. ಹೊಸ ಸೆಟ್ ಹಾಕಿ ಒಂದೆರಡು ಟ್ರಿಪ್ಪಾದ ಮೇಲೆ ಬಂದು ಮತ್ತೆ ಬಿಗಿಸಿಕೊಂಡು ಹೋಗಿ ಎಂದು ಮೇಸ್ತ್ರಿ ಹೇಳುತ್ತಾನೆ. ಯಾರೂ ಬರುವುದಿಲ್ಲ. ಮುರಿದಾಗ ಬರುತ್ತಾರೆ, ಬ್ಲೇಡನ್ನು ಬೈಯುತ್ತಾರೆ.

ಹಾಗಾದರೆ ಗುಣನಿರ್ಣಯ ಎಲ್ಲಿ? ಕುಲುಮೆಯಲ್ಲಿ. ಮುರಿದ ಬ್ಲೇಡು ಕೊನೆಗೆ ಸೇರುವುದು ಮಚ್ಚು, ಕುಡುಗೋಲು ಬಡಿಯುವವನ ಬಳಿ. ಅವನು ಕಾಸಿ, ಬಡಿದು, ನೀರಿಗೆ ಅದ್ದಿ, ಒಂದು ತುಂಡನ್ನು ಇಟ್ಟುಕೊಂಡು ಇನ್ನೊಂದನ್ನು ಮೂಲೆಗೆಸೆದು “ಇದ್ರಲ್ಲಿ ಹದ ಕೂರಲ್ಲಣ್ಣ” ಎಂದರೆ ಮೇಲ್ಮನವಿಯಿಲ್ಲ. ಪ್ರಯೋಗಾಲಯ ಪ್ರಶಸ್ತವೇ, ಪರೀಕ್ಷೆ ಮರಣೋತ್ತರ ಎಂಬುದೊಂದೇ ಕೊರತೆ.

ಈ ಸಿದ್ಧಾಂತದ ಬೆನ್ನುಹತ್ತಿ ಚಿಕ್ಕಬಳ್ಳಾಪುರದ ಹೆದ್ದಾರಿ ಬದಿಯ ಎಳನೀರು ಗಾಡಿಯೊಂದರ ಮುಂದೆ ನಿಂತೆ. ಒಂದೇ ಏಟಿಗೆ ಕಾಯಿಯ ನೆತ್ತಿ ಹಾರುತ್ತಿತ್ತು.

“ಮಚ್ಚು ಬ್ಲೇಡಿಂದಾ?”

“ಹೂಂ ಸಾರ್, ಟಿಪ್ಪರ್‌ದು. ನಮ್ಮಪ್ಪನ ಕಾಲದ್ದು.”

“ಯಾವ ಕಂಪನಿ ಬ್ಲೇಡು?”

ಅವನು ಮಚ್ಚನ್ನು ಎರಡೂ ಕಡೆ ಹೊರಳಿಸಿ ನೋಡಿದ. “ಅಚ್ಚೆಲ್ಲಾ ಸಾಣೆಗೆ ಹೋಯ್ತಲ್ಲ ಸಾರ್. ನಿಮಗೆ ನೀರು ಕೊಡ್ಲಾ, ಗಂಜಿ ಕೊಡ್ಲಾ?”