ತಲೆದೂಗುವ ದೊಡ್ಡಪ್ಪ

ಬೇಸಿಗೆ ಬಂತೆಂದರೆ ಪೆದ್ದಕಡುಬೂರಿನಲ್ಲಿ ಹಾಸಿಗೆಗಳೆಲ್ಲ ಮಾಳಿಗೆ ಹತ್ತುತ್ತವೆ. ಆಗ ಯಾರ ಗೊರಕೆಯೂ ಅವರ ಮನೆಯೊಳಗೆ ಉಳಿಯುವುದಿಲ್ಲ. ಊರಿಗೆಲ್ಲ ದೊಡ್ಡಪ್ಪ ಎನಿಸಿಕೊಂಡವನ ಗೊರಕೆಯಂತೂ ಮೂರು ಓಣಿ ದಾಟುತ್ತದೆ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದ ಆದೋನಿ ಸೀಮೆ ಇದು. ಹಾಗಾಗಿ ಅಕ್ಕಪಕ್ಕದ ಮಾಳಿಗೆಗಳಿಂದ ಅವನಿಗೆ ಬೈಗುಳ ಕನ್ನಡದಲ್ಲೂ ತೆಲುಗಿನಲ್ಲೂ ಸಲ್ಲುತ್ತದೆ.

ದೊಡ್ಡಪ್ಪ ಮಾತ್ರ ಒಪ್ಪುವ ಪೈಕಿ ಅಲ್ಲ. “ನಾನು, ಗೊರಕಿ? ಇಷ್ಟು ವರ್ಷ ಆತು, ನನ್ನ ಕಿವಿಗೆ ಒಂದಿನಾನೂ ಕೇಳಿಲ್ಲಪ್ಪ!”

ಕಟ್ಟೆಯವರ ಲೆಕ್ಕದಲ್ಲಿ ಅವನು ಪುಣ್ಯವಂತ. ಆದೋನಿ ಬಸ್ಸಿನಲ್ಲಿ ಟಿಕೆಟ್ ಹರಿಯುವುದರೊಳಗೆ ಪಕ್ಕದವನ ಹೆಗಲು ಇವನ ದಿಂಬು. ಮಂತ್ರಾಲಯದಲ್ಲಿ ಪ್ರವಚನದ ಮೊದಲ ಶ್ಲೋಕಕ್ಕೇ ಕಣ್ಣು ಮುಚ್ಚುತ್ತವೆ. ನೋಡಿದವರು ಭಕ್ತಿ ಎಂದುಕೊಂಡು ಕೈ ಮುಗಿಯುತ್ತಾರೆ. ಹತ್ತಿ ಮಾರ್ಕೆಟ್ಟಿನಲ್ಲಿ ಮಾತ್ರ ಈ ಪುಣ್ಯ ದುಬಾರಿ. ವ್ಯಾಪಾರಿ ದರ ಹೇಳುವ ಹೊತ್ತಿಗೆ ತೂಕಡಿಸಿ ತಲೆ ಆಡಿತು, ಒಪ್ಪಿದನೆಂದು ಚೀಟಿ ಬರೆದೇಬಿಟ್ಟರು.

“ಕುಂಭಕರ್ಣನ ವಂಶ ನಮ್ದು” ಎಂದು ಮೀಸೆ ತಿರುವುತ್ತಾನೆ. ಕುಂಭಕರ್ಣ ನಿದ್ದೆಯಿಂದೆದ್ದು ಯುದ್ಧಕ್ಕಾದರೂ ಹೋದ. ಇವನು ಎಂಟು ತಾಸು ಮಲಗಿ ಎದ್ದರೂ ತಲೆನೋವು, ಒಣಗಿದ ಬಾಯಿ, ಮೂಗಿನ ತುದಿಯಲ್ಲಿ ಸಿಟ್ಟು. ರಾತ್ರಿ ಮೂರು ಸಲ ಮೂತ್ರಕ್ಕೆ ಮೆಟ್ಟಿಲು ಇಳಿದದ್ದನ್ನು ಊರು ಸಕ್ಕರೆ ಕಾಯಿಲೆಯ ಖಾತೆಗೆ ಬರೆದಿದೆ. ಬಿಪಿಗೆ ಎರಡು ಮಾತ್ರೆಯಾದವು, ಅದು ಇಳಿದಿಲ್ಲ.

ನಿಜ ಗೊತ್ತಿರುವುದು ದೊಡ್ಡಮ್ಮನಿಗೆ. “ಗೊರಕಿ ಹೊಡದ್ರ ನನಗ ನಿದ್ದಿ ಬರ್ತದ. ನಿಂತಾಗ ಎಚ್ಚರ ಆಗ್ತದ” ಎನ್ನುತ್ತಾಳೆ. ಏರುತ್ತಾ ಹೋದ ಗೊರಕೆ ಒಮ್ಮೆಲೇ ಕಡಿಯುತ್ತದೆ. ಎದೆ ಒದ್ದಾಡುತ್ತದೆ, ಉಸಿರಿಲ್ಲ. ಆಮೇಲೆ ಗಕ್ಕನೆ ಒಂದು ದೊಡ್ಡ ಉಸಿರು, ಮತ್ತೆ ಮೊದಲಿನಿಂದ ಸುರು. ಅವಳು ಮೊಳಕೈಯಿಂದ ತಿವಿದು ಮಗ್ಗುಲಿಗೆ ಹೊರಳಿಸಿದರೆ ಸ್ವಲ್ಪ ಹೊತ್ತು ಶಾಂತಿ.

ಅವಳೇ ಅವನನ್ನು ಡಾಕ್ಟರ ಹತ್ತಿರ ಎಳೆದೊಯ್ದಳು. ಡಾಕ್ಟರು ಅವನನ್ನು ಬಿಟ್ಟು ಅವಳನ್ನೇ ಕೇಳಿದರು. ಮಲಗಿದಾಗ ಗಂಟಲ ಸ್ನಾಯು ಸಡಿಲವಾಗಿ, ನಾಲಿಗೆ ಹಿಂದೆ ಜಾರಿ, ಗಾಳಿಯ ದಾರಿ ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದು ಮಿದುಳು ಬೆಚ್ಚಿ ಎಬ್ಬಿಸುತ್ತದೆ. ಬೆಳಿಗ್ಗೆ ಅದರ ನೆನಪೇ ಇರದು. ಹೀಗೆ ಮತ್ತೆ ಮತ್ತೆ, ಪ್ರತಿ ಸಲ ಕನಿಷ್ಠ 10 ಸೆಕೆಂಡು, ಉಸಿರು ಕಟ್ಟುವುದೇ ಸ್ಲೀಪ್ ಆಪ್ನಿಯಾ.

ಮೆಲ್ಬರ್ನಿನ ಮರ್ರೆ ಜಾನ್ಸ್ 1991ರಲ್ಲಿ ಮಾಡಿದ ಎಂಟು ಪ್ರಶ್ನೆಗಳ ಪಟ್ಟಿ ಮುಂದೆ ಬಂತು: ಟೀವಿ ನೋಡುವಾಗ ತೂಕಡಿಕೆಯೇ? ಇನ್ನೊಬ್ಬರ ಜೊತೆ ಮಾತಾಡುವಾಗ? ಒಟ್ಟು 24 ಅಂಕ, 10 ದಾಟಿದರೆ ಎಚ್ಚರಿಕೆ. ದೊಡ್ಡಪ್ಪನಿಗೆ 19. ಹತ್ತನೇ ಕ್ಲಾಸಿನಲ್ಲೂ ಬಾರದ ಫಸ್ಟ್ ಕ್ಲಾಸ್ ಬಂತೆಂದು ಕಟ್ಟೆಯಲ್ಲಿ ಚಹಾ ಕುಡಿಸಿದ.

ಮೂಗಿಗೆ, ಬೆರಳಿಗೆ, ಎದೆಗೆ ತಂತಿ ಕಟ್ಟಿ ಒಂದು ರಾತ್ರಿ ಮಲಗಿಸಿದಾಗ ನಗು ನಿಂತಿತು. ಉಸಿರಿನ ಅಡಚಣೆ ಗಂಟೆಗೆ 30 ಸಲ ಮುಟ್ಟಿದರೇ ತೀವ್ರ; ಇವನದು 38. ಮುಖಕ್ಕೆ ಗಾಳಿಯಂತ್ರ ಕಟ್ಟಿಕೊಳ್ಳಬೇಕೆಂದರು. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಅದನ್ನು ಬೆಳಕಿಗೆ ತಂದಾಗ ಬಳಸಿದ್ದು ವ್ಯಾಕ್ಯೂಮ್ ಕ್ಲೀನರಿನ ಮೋಟಾರು. “ಕಸ ಬಳಿಯೋ ಯಂತ್ರ ನನ್ನ ಮೂಗಿಗಾ?” ಎಂದು ಹಾರಾಡಿದ. ದೊಡ್ಡಮ್ಮ ಏನೂ ಹೇಳದೆ ಬೈಕಿನ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಗಾಡಿ ಓಡಿಸುತ್ತಾ ತೂಕಡಿಸಿದವನಿಗೆ ದಾರಿ ಎರಡನೇ ಅವಕಾಶ ಕೊಡುವುದಿಲ್ಲವೆಂದು ಡಾಕ್ಟರು ಹೇಳಿದ್ದು ಅವಳಿಗೆ ನೆನಪಿತ್ತು.

ಈಗ ಯಂತ್ರ ಒಗ್ಗಿದೆ. ಎಚ್ಚರಾದ ದೊಡ್ಡಪ್ಪ ಟೈಲರನ ಟೇಪು ಹಿಡಿದು ಕಟ್ಟೆಯಲ್ಲಿ ಕೂತು, ಬಂದವರ ಕುತ್ತಿಗೆ ಅಳೆಯುತ್ತಾನೆ. 40 ಸೆಂಟಿಮೀಟರ್ ದಾಟಿದರೆ “ನಿನ್ನ ಹೆಂಡ್ತೀನ ಕರಕೊಂಡು ಬಾ, ಸಾಕ್ಷಿ ಬೇಕು” ಎಂದು ಆಜ್ಞೆ. ಹೆಂಗಸರಿಗೂ, ಅದರಲ್ಲೂ ಮುಟ್ಟು ನಿಂತ ಮೇಲೆ, ಇದು ಬರುತ್ತದೆಂದು ಯಾರೋ ಹೇಳಿದರು. ದೊಡ್ಡಪ್ಪ ತಳ್ಳಿಹಾಕಿದ: “ನಮ್ಮಾಕಿ ಒಂದಿನಾನೂ ಗೊರಕಿ ಹೊಡದಿಲ್ಲ ನೋಡು.”

ಒಳಗಿಂದ ದೊಡ್ಡಮ್ಮನ ದನಿ ಬಂತು: “ಕೇಳಾಕ ನೀವೆಂದು ಎಚ್ಚರ ಇದ್ರಿ?”