ಶಾಕಬ್ಸರ್ ಮೀಮಾಂಸೆ: ಬಳ್ಳಾರಿ, ಸಿರುಗುಪ್ಪ, ಕುರುಗೋಡು ಪರಿಸರವನ್ನು ಅನುಲಕ್ಷಿಸಿ

ಪ್ರಸ್ತುತ ಅಧ್ಯಯನವು ಬಹುಕಾಲ ಬಳಸಲ್ಪಟ್ಟ ದೂರಸಂಚಾರಿ ದ್ವಿಚಕ್ರ ವಾಹನವೊಂದರ ಊರ್ಧ್ವಾಧಶ್ಚಲನ ಶಮನ ವ್ಯವಸ್ಥೆಯ ಉನ್ನತೀಕರಣವನ್ನು ಪ್ರಾದೇಶಿಕ ಪರಿಪ್ರೇಕ್ಷ್ಯದಲ್ಲಿಟ್ಟು ಅನುಸಂಧಾನ ನಡೆಸುವ ಒಂದು ವಿನಮ್ರ ಪ್ರಯತ್ನವಾಗಿರುತ್ತದೆ. ಬೈಕಿನ ಶಾಕಬ್ಸರ್ ಬದಲಿಸುವುದು ಎಂದು ಮೂರೇ ಪದದಲ್ಲಿ ಹೇಳಬಹುದಿತ್ತು. ಹಾಗೆ ಹೇಳಿದವರಿಗೆ ವಿಚಾರಸಂಕಿರಣದಲ್ಲಿ ಊಟದ ಕೂಪನ್ ಕೊಡುವುದಿಲ್ಲ.

ಅಧ್ಯಯನದ ವ್ಯಾಪ್ತಿ: ಬಳ್ಳಾರಿಯಿಂದ ತೆಕ್ಕಲಕೋಟೆ ಹಾಯ್ದು ಸಿರುಗುಪ್ಪ, ಬಳ್ಳಾರಿಯಿಂದ ಕಂಪ್ಲಿ ದಿಕ್ಕಿಗೆ ಕುರುಗೋಡು, ಇವುಗಳ ನಡುವೆ ಊರಿಂದೂರಿಗೆ ಹೋಗುವ ಒಳದಾರಿಗಳು. ಅಧ್ಯಯನದ ಉದ್ದೇಶ: ಸಂಶೋಧಕನ ಸೊಂಟ. ಅಧ್ಯಯನದ ಮಿತಿ: ಅದೂ ಸೊಂಟವೇ. ಆಕರಗಳನ್ನು ವಾಡಿಕೆಯಂತೆ ಪ್ರಾಥಮಿಕ, ದ್ವಿತೀಯಕ ಎಂದು ವಿಂಗಡಿಸಲಾಗಿದೆ. ಗುಂಡಿಗಳು ಪ್ರಾಥಮಿಕ. ಬೆಂಗಳೂರಿನ ಬೈಕ್ ಪಂಡಿತರ ಉಪದೇಶಗಳು ದ್ವಿತೀಯಕ.

ಪೂರ್ವಸೂರಿಗಳನ್ನು ಸ್ಮರಿಸದೆ ಮುಂದಡಿಯಿಡುವುದು ಸಂಶೋಧನಾ ಶಿಸ್ತಲ್ಲ. 1935ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ತನ್ನ ಆರ್12 ಬೈಕಿಗೆ ಎಣ್ಣೆ ತುಂಬಿದ ಟೆಲಿಸ್ಕೋಪಿಕ್ ಫೋರ್ಕು ಕೂಡಿಸಿ ಮಾರಾಟಕ್ಕಿಟ್ಟಿತು. 1976ರಲ್ಲಿ ಸ್ವೀಡನ್ನಿನ ಕೆಂತ್ ಓಲಿನ್ ತಮ್ಮ ಹೆಸರಿನದೇ ಕಂಪನಿ ತೆರೆದರು; ಅದರ ಹಳದಿ ಸ್ಪ್ರಿಂಗನ್ನು ಕಂಡರೆ ಪಂಡಿತರ ಕಣ್ಣು ಇಂದಿಗೂ ತೇವವಾಗುತ್ತದೆ. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಮುಂದಿನ ಚಕ್ರಕ್ಕೆ 200 ಮಿಲಿಮೀಟರ್, ಹಿಂದಿನದಕ್ಕೆ 180 ಮಿಲಿಮೀಟರ್ ಏರಿಳಿಯುವ ಅವಕಾಶ ಕೊಟ್ಟಿತು. ನಮ್ಮ ಕಡೆ ಹೆಚ್ಚಾಗಿ ಓಡಾಡುವ, ಹಿಂದೆ ಜೋಡಿ ಶಾಕಬ್ಸರ್ ಇರುವ ಹಳೆಯ 350 ಸಿಸಿ ಬೈಕುಗಳಿಗೆ ಆ ಅವಕಾಶ 80 ಮಿಲಿಮೀಟರ್. ಅಂದರೆ ನಾಲ್ಕು ಬೆರಳ ಅಗಲ. ನಾವು ಇಲ್ಲಿ ಚರ್ಚಿಸುತ್ತಿರುವ ಇಡೀ ತತ್ವಶಾಸ್ತ್ರ ಆ ನಾಲ್ಕು ಬೆರಳಿನೊಳಗೆ ನಡೆಯತಕ್ಕದ್ದು.

ಈ ಕ್ಷೇತ್ರದಲ್ಲಿ ಮೂರು ಪ್ರಸ್ಥಾನಗಳು ಕಂಡುಬರುತ್ತವೆ. ಸ್ಪ್ರಿಂಗ್‌ವಾದಿಗಳ ಪ್ರಕಾರ ಸಕಲ ದುಃಖಕ್ಕೂ ಸ್ಪ್ರಿಂಗ್ ಮೆತ್ತಗಾಗಿರುವುದೇ ಮೂಲ. ತೈಲವಾದಿಗಳಿಗೆ ಸ್ಪ್ರಿಂಗ್ ಮಿಥ್ಯೆ, ಎಣ್ಣೆಯೊಂದೇ ಸತ್ಯ. ಮೂರನೆಯದು ದಿಂಬುವಾದ: ಸೀಟಿನ ಮೇಲೊಂದು ಸ್ಪಂಜು ಹೊಲಿಸಿಕೊಂಡು ನೆಮ್ಮದಿಯಾಗಿರುವ ಈ ಚಾರ್ವಾಕರನ್ನು ಮೊದಲಿನ ಇಬ್ಬರೂ ಪಂಕ್ತಿಗೆ ಸೇರಿಸುವುದಿಲ್ಲ. ನಿಜ ಸಂಗತಿ ಇಷ್ಟು. ಸ್ಪ್ರಿಂಗು ಏಟನ್ನು ನುಂಗಿ ಇಟ್ಟುಕೊಂಡು, ತಕ್ಷಣವೇ ವಾಪಸು ಕೊಡುತ್ತದೆ. ಎಣ್ಣೆ ಸಣ್ಣ ತೂತುಗಳಲ್ಲಿ ನುಸುಳಲು ಒದ್ದಾಡಿ, ಆ ಏಟನ್ನು ಬಿಸಿಯಾಗಿಸಿ ಗಾಳಿಗೆ ಬಿಡುತ್ತದೆ. ಎಣ್ಣೆ ಸತ್ತ ಶಾಕಬ್ಸರಿನಲ್ಲಿ ಒಂದು ಗುಂಡಿಗೆ ಬೈಕು ಮೂರು ಸಲ ಕುಣಿಯುತ್ತದೆ. ಎಣ್ಣೆ ತೀರಾ ಗಟ್ಟಿಯಾದರೆ, ಮೊದಲ ಗುಂಡಿಗೆ ಕೂತ ಫೋರ್ಕು ಮೇಲೇಳುವ ಮುನ್ನ ಎರಡನೆಯದು ಬಂದು, ಮೂರನೆಯದು ಬಂದು, ಕೊನೆಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಸಿರುಗುಪ್ಪದ ಏಪ್ರಿಲ್ ಬಿಸಿಲಿಗೆ ಎಣ್ಣೆ ತಾನಾಗಿಯೇ ತೆಳುವಾಗುವುದರಿಂದ, ಯಾವ ದೇಶದ ಕೈಪಿಡಿಯನ್ನೂ ಇಲ್ಲಿ ಕಣ್ಣುಮುಚ್ಚಿ ನಂಬುವಂತಿಲ್ಲ.

ಭಾರಕ್ಕೆ ಬೈಕು ತಗ್ಗುವುದನ್ನು ಪಂಡಿತರು ಸ್ಯಾಗ್ ಎನ್ನುತ್ತಾರೆ; ಈ ಪ್ರಬಂಧದಲ್ಲಿ ಅದನ್ನು ಅವನಮನ ಎನ್ನಲಾಗುವುದು. ಅದು ದ್ವಿವಿಧ: ನಿರಾರೂಢ ಅವನಮನ, ಆರೂಢ ಅವನಮನ. ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಆಕ್ಸಲಿನಿಂದ ನೇರ ಮೇಲಕ್ಕೆ ಸೀಟಿನ ಅಂಚಿನವರೆಗೆ ಟೇಪು ಹಿಡಿಯುವುದು. ಬೈಕನ್ನು ಚಕ್ರದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಹಿಡಿಯುವುದು. ಸವಾರ ಕೂತ ಮೇಲೆ ಮತ್ತೊಮ್ಮೆ. ಸವಾರ ಕೂತಾಗ ಒಟ್ಟು ಏರಿಳಿತದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ತಗ್ಗಬೇಕು. 80 ಮಿಲಿಮೀಟರಿಗೆ 20ರಿಂದ 27. ಹೆಚ್ಚು ತಗ್ಗಿದರೆ ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಅದುಮಿಡುವ ಉಂಗುರ, ತಿರುಗಿಸುವುದು. ಪ್ರಿಲೋಡ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬುದು ಅಖಿಲ ಭಾರತ ಮಟ್ಟದ ಮೂಢನಂಬಿಕೆ. ಸ್ಪ್ರಿಂಗು ಅದೇ, ಅದರ ಬಿಗುವೂ ಅದೇ. ಬೈಕು ಎಷ್ಟು ಎತ್ತರದಲ್ಲಿ ಕೂರಬೇಕು ಎಂಬುದಷ್ಟೇ ಬದಲಾಗುತ್ತದೆ. ಈ ಸತ್ಯ ಹೇಳಿ ಸ್ನೇಹ ಕಳೆದುಕೊಂಡವರುಂಟು.

ಆದರೆ ಸವಾರ ಎಂದರೆ ಯಾರು? ಈ ತಾತ್ವಿಕ ಪ್ರಶ್ನೆಯನ್ನು ಪಂಡಿತರು ಎತ್ತಿಯೇ ಇಲ್ಲ. ಅವರ ಕೋಷ್ಟಕದ ಸವಾರ ಒಬ್ಬಂಟಿ. ಜಾಕೆಟ್ಟು ತೊಟ್ಟವನು, ಭಾನುವಾರ ಬೆಳಿಗ್ಗೆ ದೋಸೆ ತಿನ್ನಲು ಹೊರಟವನು. ಹಚ್ಚೊಳ್ಳಿಯಿಂದ ಸಿರುಗುಪ್ಪ ಸಂತೆಗೆ ಬರುವ ಸವಾರ ಬಹುವಚನ: ಟ್ಯಾಂಕಿನ ಮೇಲೆ ದೊಡ್ಡ ಮಗ, ಹ್ಯಾಂಡಲ್ ಹಿಡಿದ ಗಂಡ, ಹಿಂದೆ ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟ ಹೆಂಡತಿ, ಅವಳ ಮಡಿಲಲ್ಲಿ ಕೂಸು, ಹೋಗುವಾಗ 25 ಕೆ.ಜಿ. ಸೋನಾ ಮಸೂರಿಯ ಚೀಲ. ಈ ಬಹುತ್ವದ ಆರೂಢ ಅವನಮನವನ್ನು ಸ್ವೀಡನ್ನಿನಲ್ಲಿ ಯಾರೂ ಅಳೆದಿಲ್ಲ. ಅಳೆಯುವ ಅಗತ್ಯವೂ ಇಲ್ಲ. ಅವರು ಕೂತೊಡನೆ ಆ ನಾಲ್ಕು ಬೆರಳು ಮುಗಿದಿರುತ್ತದೆ.

ಇನ್ನು ಕ್ಷೇತ್ರಕಾರ್ಯ. ವಕ್ತೃವು ಸಿರುಗುಪ್ಪದ ಒಂದು ಗ್ಯಾರೇಜಿನ ಮೆಕ್ಯಾನಿಕ್. ಆತ ಫೋರ್ಕಿನ ತಳದ ಬೋಲ್ಟ್ ಬಿಚ್ಚಿ ಕೆಳಗೆ ಡಬ್ಬಿ ಹಿಡಿದ. ಎಣ್ಣೆಯ ಬದಲು ಬೂದು ಬಣ್ಣದ ರಾಡಿ ಇಳಿಯಿತು.

"ಇದು ಆಯಿಲ್ ಅಲ್ರಿ ಸಾರ್, ಗಣಿ."

ಮೌಖಿಕ ಆಕರದ ಈ ಒಂದೇ ಸಾಲಿಗೆ ಭಾಷ್ಯ ಅಗತ್ಯ. ಸಂಡೂರಿನ ಗುಡ್ಡದಿಂದ ಲಾರಿಯಲ್ಲಿ ಹೊರಟ ಅದಿರಿನ ಕೆಂಪು ಧೂಳು ಕಬ್ಬಿಣದ ಆಕ್ಸೈಡು. ಆಭರಣಕ್ಕೆ ಕೊನೆಯ ಮೆರುಗು ತಿಕ್ಕುವ ಕೆಂಪು ಪುಡಿಯೂ ಅದೇ ಆಕ್ಸೈಡು. ಆ ಧೂಳು ಫೋರ್ಕಿನ ಪೈಪಿಗೆ ಅಂಟಿ, ಬೈಕು ಏರಿಳಿದಷ್ಟೂ ಆಯಿಲ್ ಸೀಲಿನ ತುಟಿಯನ್ನು ತಿಕ್ಕುತ್ತದೆ. ಸೀಲು ಸವೆದು ಎಣ್ಣೆ ಒಸರುತ್ತದೆ, ಒಸರಿದ ಎಣ್ಣೆಗೆ ಇನ್ನಷ್ಟು ಧೂಳು ಮೆತ್ತಿಕೊಳ್ಳುತ್ತದೆ.

ಹಿಂದಕ್ಕೆ ಒಳ್ಳೆಯ ಗ್ಯಾಸ್ ಶಾಕಬ್ಸರ್ ಹಾಕಿಸುವ ಯೋಚನೆಯಿದೆ ಎಂದು ಸಂಶೋಧಕನು ಕ್ಯಾಟಲಾಗು ತೋರಿಸಿದಾಗ ವಕ್ತೃ ಬೆಲೆ ನೋಡಿ ನಕ್ಕ.

"ಮೊದ್ಲು ಸೀಲ್ ಹಾಕ್ರಿ, ಆಯಿಲ್ ಹಾಕ್ರಿ, ಮ್ಯಾಲೆ ರಬ್ಬರ್ ಗೇಟರ್ ಹಾಕ್ರಿ. ಸ್ವಿಂಗ್ ಆರ್ಮ್ ಬುಷ್ ಹೋಗ್ಯಾವ, ಕೋನ್‌ಸೆಟ್ ಹೋಗೈತಿ. ಅವನ್ನ ಬಿಟ್ಟು ಇದನ್ನ ಹಾಕಿದ್ರ, ಹರಕ ಪಂಚಿಗೆ ಜರಿ ಅಂಚು ಹಚ್ಚಿದಂಗ ಆಕ್ಕೈತಿ."

ಸತ್ಯವಾದ ಮಾತು. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿನ ಬುಷ್ ಸಡಿಲಾದ ಬೈಕಿಗೆ ಎಷ್ಟು ಬೆಲೆಯ ಶಾಕಬ್ಸರ್ ಹಾಕಿದರೂ ಚಕ್ರ ಅಡ್ಡಡ್ಡ ಅಲ್ಲಾಡುವುದು ನಿಲ್ಲುವುದಿಲ್ಲ. ಹ್ಯಾಂಡಲ್ ತಿರುಗುವ ಬೇರಿಂಗಾದ ಕೋನ್‌ಸೆಟ್ ತಿಂದುಹೋಗಿದ್ದರೆ ಬ್ರೇಕ್ ಹಿಡಿದಾಗಲೆಲ್ಲ ಹ್ಯಾಂಡಲಿನಲ್ಲಿ ಕಟಕಟ ಸದ್ದು ಬರುತ್ತದೆ, ನಾವು ಅದನ್ನು ಫೋರ್ಕಿನ ತಪ್ಪೆಂದು ತಿಳಿಯುತ್ತೇವೆ. ಇದನ್ನೆಲ್ಲ ಕೈಯಿಂದ ಮುಟ್ಟಿ ತಿಳಿದವನನ್ನು ವಕ್ತೃ ಎಂದು ಒಂದು ಮೂಲೆಗೆ ಕೂರಿಸಿ, ಅವನ ಮಾತನ್ನು ನಾಲ್ಕು ಸಂಸ್ಕೃತ ಸಮಾಸಗಳಲ್ಲಿ ಸುತ್ತಿ, ಮೇಲೆ ತನ್ನ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ಸಂಶೋಧನೆ ಎನ್ನುತ್ತಾರಲ್ಲ, ಅಂಥ ಸಂಶೋಧನೆಯ ಎದುರು ಮೂರು ದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರಿಗೆ ಈ ಪ್ರಬಂಧದ ಧಾಟಿ ಅರ್ಥವಾದೀತು. ಇರಲಿ. ಅಧ್ಯಯನಕ್ಕೆ ಮರಳೋಣ.

ಗರ್ತಲಕ್ಷಣ. ಗುಂಡಿಗಳು ಅಷ್ಟವಿಧ. ಒಂದನೆಯದು ಸಹಜ: ಸಿರುಗುಪ್ಪ ಸೀಮೆಯ ಎರೆನೆಲ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ; ಅಡಿಪಾಯ ಸರಿಯಿಲ್ಲದೆ ಮೇಲೆ ಹಾಸಿದ ಡಾಂಬರು ಅಲೆ ಅಲೆಯಾಗಿ ಏಳುತ್ತದೆ. ಕಾಲುವೆ ಪಕ್ಕದ ದಾರಿಗೆ ಈ ಯೋಗ ವರ್ಷವಿಡೀ. ಎರಡನೆಯದು ಕೃತಕ: ಪೈಪು ಹೂಳಲು ಅಗೆದವರು ಮುಚ್ಚುವುದನ್ನು ಮುಂದಿನ ಟೆಂಡರಿಗೆ ಬಿಟ್ಟದ್ದು. ಮೂರನೆಯದು ಪುನರ್ಜಾತ: ತೇಪೆ ಹಾಕಿದ ಜಾಗದಲ್ಲೇ ಮೊದಲ ಮಳೆಗೆ ಮರುಹುಟ್ಟು ಪಡೆಯುವುದು. ಇಲ್ಲಿ ಪುರಾತತ್ವದ ನೆರವು ಬೇಕಾಗುತ್ತದೆ. 1960ರ ದಶಕದಲ್ಲಿ ತೆಕ್ಕಲಕೋಟೆಯಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ನಡೆಸಿ ನವಶಿಲಾಯುಗದ ಜನವಸತಿಯನ್ನು ಪದರಪದರವಾಗಿ ಬಿಡಿಸಿ ತೋರಿಸಿದರು. ಅದೇ ವಿಧಾನದಲ್ಲಿ ರಸ್ತೆಯ ತೇಪೆಯೊಂದನ್ನು ಅಂಚಿನಿಂದ ನೋಡಿದರೆ ವಿಧಾನಸಭಾ ಸ್ತರ, ಲೋಕಸಭಾ ಸ್ತರ, ಸಚಿವರ ಆಗಮನ ಸ್ತರ ಎಂದು ಕಾಲನಿರ್ಣಯ ಮಾಡಬಹುದು. ಪಂಚಾಯಿತಿ ಸ್ತರ ತೀರಾ ತೆಳು, ಉಗುರಿಗೆ ಬರುತ್ತದೆ. ನವಶಿಲಾಯುಗದವರ ಬೂದಿದಿಬ್ಬ ಸಾವಿರಾರು ವರ್ಷ ಬಾಳಿಕೆ ಬಂದಿದೆ ಎಂಬುದನ್ನು ಗುತ್ತಿಗೆದಾರರು ಗಮನಿಸತಕ್ಕದ್ದು. ಗುಂಡಿಯ ಉಳಿದ ಐದು ಬಗೆಗಳನ್ನು ಓದುಗರು ತಮ್ಮೂರಿನಲ್ಲೇ ಗುರುತಿಸಿಕೊಳ್ಳಬೇಕು. ಬರೆಯುವ ಉತ್ಸಾಹ ಇಳಿದಿದೆ.

ಕುರುಗೋಡಿನ ದೊಡ್ಡಬಸವೇಶ್ವರ ಒಂದೇ ಕಲ್ಲಿನಲ್ಲಿ ಕಡೆದ ಭಾರಿ ಬಸವ. ಕೂತಲ್ಲಿಂದ ಏಳುವ ಪ್ರಮೇಯವಿಲ್ಲ. ಜಾತ್ರೆಗೆ ಎಳೆಯುವ ತೇರಿಗೂ ಸ್ಪ್ರಿಂಗಿಲ್ಲ, ಎಣ್ಣೆಯಿಲ್ಲ. ಹಾಗಿದ್ದೂ ತೇರು ಸಾಗುವುದಕ್ಕೆ ಕಾರಣ ಸರಳ. ಯಾವ ಊರಿನ ಜಾತ್ರೆಯೇ ಇರಲಿ, ತೇರಿನ ಬೀದಿಯನ್ನು ಮೊದಲೇ ಹದ ಮಾಡಿರುತ್ತಾರೆ. ದೇವರಿಗೆ ದಾರಿ ಸಮ ಮಾಡುತ್ತಾರೆ, ಮನುಷ್ಯನಿಗೆ ಶಾಕಬ್ಸರ್ ಕೊಳ್ಳಲು ಹೇಳುತ್ತಾರೆ.

ಬಳ್ಳಾರಿಯಲ್ಲಿ ಒಂದು ಕತೆಯಿದೆ. ಹೈದರಾಲಿ ಕೋಟೆಯನ್ನು ಭದ್ರಪಡಿಸಲು ಫ್ರೆಂಚ್ ಎಂಜಿನಿಯರನೊಬ್ಬನನ್ನು ಇಟ್ಟುಕೊಂಡಿದ್ದನಂತೆ. ಕೆಲಸವೆಲ್ಲ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಿದೆ, ಅಲ್ಲಿಂದ ಕೋಟೆಗೆ ಗುಂಡು ಹೊಡೆಯಬಹುದು ಎಂದು ಗೊತ್ತಾಗಿ ಎಂಜಿನಿಯರನನ್ನು ಕೋಟೆ ಬಾಗಿಲಲ್ಲೇ ಗಲ್ಲಿಗೆ ಹಾಕಿಸಿದನಂತೆ. ಕಾಮಗಾರಿಯ ಗುಣಮಟ್ಟ ಪರಿಶೀಲನೆಯ ಈ ಪದ್ಧತಿಯನ್ನು ಪುನರುಜ್ಜೀವನಗೊಳಿಸುವ ಪ್ರಶ್ನೆ ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಕೋಟೆಯ ಮುಂದೆ ಹಾಯುವಾಗ ಮನಸ್ಸಿಗೆ ಏನೋ ಒಂದು ಸಮಾಧಾನ.

ಇಲ್ಲಿಂದ ಮುಂದೆ 'ಪ್ರಸ್ತುತ ಅಧ್ಯಯನವು' ಎಂದು ಬರೆಯಲು ಕೈ ಏಳುತ್ತಿಲ್ಲ. ರಸ್ತೆ ಕೆಡಿಸುವವರು ಯಾರು ಎಂಬ ಲೆಕ್ಕ ಹೇಳುತ್ತೇನೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ಸ್‌ನಲ್ಲಿ ಪ್ರಯೋಗಕ್ಕೆಂದೇ ರಸ್ತೆ ಹಾಸಿ, ಅದರ ಮೇಲೆ ಲಾರಿಗಳನ್ನು ಹಗಲು ರಾತ್ರಿ ಓಡಿಸಿ ನೋಡಿದರು. ರಸ್ತೆಗಾಗುವ ಹಾನಿ ಆಕ್ಸಲ್ ಭಾರದ ಸುಮಾರು ನಾಲ್ಕನೇ ಘಾತದಂತೆ ಏರುತ್ತದೆ ಎಂಬ ಅಂದಾಜು ಅಲ್ಲಿಂದ ಬಂತು. ಭಾರ ಎರಡರಷ್ಟಾದರೆ ಹಾನಿ ಹದಿನಾರರಷ್ಟು. ಸವಾರನೂ ಸೇರಿ 300 ಕೆ.ಜಿ.ಯ ಬೈಕಿನ ಒಂದೊಂದು ಚಕ್ರದ ಮೇಲೆ 150 ಕೆ.ಜಿ. ಅಂತಿಟ್ಟುಕೊಳ್ಳಿ. ನಮ್ಮಲ್ಲಿ ನಾಲ್ಕು ಟೈರಿನ ಒಂಟಿ ಆಕ್ಸಲಿಗೆ 2018ರವರೆಗೆ ಕಾನೂನು ಒಪ್ಪುತ್ತಿದ್ದ ಭಾರ 10.2 ಟನ್. ಅಂದರೆ 68 ಪಟ್ಟು. 68ರ ನಾಲ್ಕನೇ ಘಾತ ಎರಡು ಕೋಟಿ ಹದಿಮೂರು ಲಕ್ಷ ಚಿಲ್ಲರೆ. ಆ ಆಕ್ಸಲ್ ಒಮ್ಮೆ ಹಾಯ್ದಾಗ ಆಗುವ ಸವೆತವನ್ನು ನನ್ನ ಚಕ್ರ ಮಾಡಬೇಕಾದರೆ ಎರಡು ಕೋಟಿ ಸಲ ಅದೇ ಜಾಗದಲ್ಲಿ ಹಾಯಬೇಕು. ಇದು ಕಾನೂನುಬದ್ಧ ಲಾರಿಯ ಲೆಕ್ಕ. ಮಿತಿ ಮೀರಿ ಅದಿರು ಹೇರಿದ ಲಾರಿಗಳ ಕತೆ 2011ರ ಲೋಕಾಯುಕ್ತ ವರದಿಯಲ್ಲಿದೆ. ಆ ವರ್ಷದ ಜುಲೈನಲ್ಲೇ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. 2018ರಲ್ಲಿ ಕೇಂದ್ರ ಸರ್ಕಾರ ಆ ಆಕ್ಸಲಿನ ಮಿತಿಯನ್ನೇ 11.5 ಟನ್ನಿಗೆ ಏರಿಸಿತು. ಅದೇ ಸೂತ್ರದಲ್ಲಿ ಹಾನಿ 1.6 ಪಟ್ಟು. ರಸ್ತೆಯೂ ಅಷ್ಟೇ ದಪ್ಪವಾಯಿತೇ?

ಬೈಕು ಕೊಂಡ ದಿನವೇ ಆಜೀವ ರಸ್ತೆ ತೆರಿಗೆ ಕಟ್ಟಿದ್ದೇವೆ. ಪೆಟ್ರೋಲಿನ ಪ್ರತಿ ಲೀಟರಿನಲ್ಲೂ ರಸ್ತೆಯ ಹೆಸರಿನ ಸೆಸ್ ಇದೆ. ಆ ರಸ್ತೆ ಮುರಿದ ಶಾಕಬ್ಸರಿನ ಬದಲಿಗೆ ಹೊಸದು ಕೊಂಡರೆ ಅದಕ್ಕೆ ಜಿಎಸ್‌ಟಿ. ರಸ್ತೆಯನ್ನು ಕೆಡಿಸದವನು ಕೆಟ್ಟ ರಸ್ತೆಗೆ ದುಡ್ಡು ಕೊಟ್ಟು, ಅದರ ಮೇಲೆ ಬದುಕಲು ಮತ್ತೊಮ್ಮೆ ಕೊಡುವುದಕ್ಕೆ ಉನ್ನತೀಕರಣ ಎಂದು ಹೆಸರು. ಹಣವಿದ್ದವನಿಗೆ ನೈಟ್ರೋಜನ್ ತುಂಬಿದ ಶಾಕಬ್ಸರ್; ಇಲ್ಲದವನಿಗೆ ಬೆನ್ನುಹುರಿ, ಅದಕ್ಕೆ ಪ್ರಿಲೋಡ್ ಕೂಡ ಇಲ್ಲ. ಒಂದೇ ಕಡೆ ಕಾಲು ಹಾಕಿ ಕೂತ ಹೆಂಗಸು ಗುಂಡಿಯ ಏಟಿಗೆ ಹಿಂದಕ್ಕೆ ಬಿದ್ದರೆ ತಲೆಯೇ ಮೊದಲು ನೆಲಕ್ಕೆ ತಾಗುತ್ತದೆ. ಅದಕ್ಕೂ 'ಸವಾರನ ಅಜಾಗರೂಕತೆ' ಎಂಬ ಪಾರಿಭಾಷಿಕ ಪದ ಸಿದ್ಧವಿದೆ.

ಹಂಪುಗಳ ಬಗ್ಗೆ ಒಂದು ಅಧ್ಯಾಯ ಬರೆದಿದ್ದೆ, ಬೈಗುಳವೇ ಹೆಚ್ಚಿತ್ತು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯಂತೆ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಬೆನ್ನು ದುಂಡಗೆ ಇರಬೇಕು, 25 ಕಿ.ಮೀ. ವೇಗದಲ್ಲಿ ನೋವಿಲ್ಲದೆ ದಾಟಬೇಕು. ಒಳದಾರಿಯ ಹಂಪಿಗೆ ಈ ಶಾಸ್ತ್ರ ಗೊತ್ತಿಲ್ಲ. ಮೊಣಕಾಲೆತ್ತರದ ಮಣ್ಣಿನ ಒಡ್ಡು, ಬಣ್ಣವಿಲ್ಲ, ಫಲಕವಿಲ್ಲ. ಆ ಅಧ್ಯಾಯವನ್ನು ಹರಿದುಹಾಕಿದೆ. ಏಕೆಂದರೆ ಅಂಥ ಹಂಪುಗಳು ಶಾಲೆ ಮುಂದೆ, ಬೋರ್‌ವೆಲ್ ಮುಂದೆ, ಕೇರಿಯ ಬಾಯಲ್ಲಿ ಇರುತ್ತವೆ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ಒಂದು ಜೀವ ಹೋದ ಮೇಲೆ ಊರವರೇ ರಾತ್ರೋರಾತ್ರಿ ಹಾಕಿಕೊಂಡವು ಎಷ್ಟೋ. ಲಾರಿಯ ವೇಗ ಇಳಿಸಲು ಅವರ ಕೈಯಲ್ಲಿದ್ದದ್ದು ಸಲಿಕೆಯೊಂದೇ.

ಸೀಲು, ಎಣ್ಣೆ, ಗೇಟರ್, ಬುಷ್, ಕೋನ್‌ಸೆಟ್ ಎಲ್ಲ ಹೊಸದಾಗಿದೆ. ಹಿಂದಕ್ಕೆ ಸ್ವೀಡನ್ ಹಾಕಿಸಲಿಲ್ಲ, ಸಾಧಾರಣ ಬೆಲೆಯ ಹೊಸ ಜೋಡಿ ಹಾಕಿಸಿದ್ದೇನೆ. ಗುಂಡಿಗೆ ಈಗ ಬೈಕು ಒಂದೇ ಸಲ ಕುಣಿಯುತ್ತದೆ. ಆ ಮಣ್ಣಿನ ಹಂಪುಗಳಲ್ಲಿ ಮಾತ್ರ ಶಾಕಬ್ಸರು ಪೂರ್ತಿ ಕೂತು ತಳಕ್ಕೆ ಬಡಿಯುತ್ತದೆ. ಅಲ್ಲಿ ಮೊದಲನೇ ಗೇರಿಗೆ ಇಳಿದು, ಕಾಲೂರಿಕೊಂಡು ದಾಟುತ್ತೇನೆ.